ಗೋಪುರ ಕಾಣಬಾರದು, ಕೆರೆ ಕಾಣಬೇಕು

ಜೌಗು ನೆಲದಂಚಿನ ವೀಕ್ಷಣಾ ಗೋಪುರ ಹೇಗಿರಬೇಕು? ಕೊತ್ತಗೆರೆಯ ಕೆರೆಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವರಣೆ

ಕುಣಿಗಲ್: ರಾಜ್ಯದಲ್ಲಿ ಕೆರೆ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಯೋಜನಾ ಪಟ್ಟಿಯಲ್ಲಿ ಕೆಲವು ಅಂಶಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಹೂಳೆತ್ತುವುದು, ಏರಿಯ ದುರಸ್ತಿ, ನಡಿಗೆ ಪಥ, ದೀಪದ ಕಂಬ, ಕಲ್ಲುಬೆಂಚು. ಇವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಹಕ್ಕಿ ನೋಡುವವರಿಗೆಂದು ವೀಕ್ಷಣಾ ಗೋಪುರವೂ ಸೇರಿಕೊಂಡಿದೆ. ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಮಾದರಿಯೂ ಒಂದೇ: ನಾಲ್ಕು ಕಾಂಕ್ರೀಟ್ ಕಂಬ, ಕಬ್ಬಿಣದ ಮೆಟ್ಟಿಲು, ಮೇಲೊಂದು ತಗಡಿನ ಛತ್ರಿ, ಎಲ್ಲಕ್ಕೂ ಎದ್ದು ಕಾಣುವ ಬಣ್ಣ. ಊರಿನವರಿಗೆ ಅದು ದೂರದಿಂದಲೇ ಕಾಣುತ್ತದೆ. ಹಕ್ಕಿಗೂ ಅಷ್ಟೇ ದೂರದಿಂದ ಕಾಣುತ್ತದೆ ಎಂಬುದು ಸಮಸ್ಯೆಯ ಮೂಲ.

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಹೆಸರಿನ ಕೊನೆಯಲ್ಲೇ ಕೆರೆಯಿದೆ. ಪದಗಳು ಕೂಡುವಲ್ಲಿ ಕಕಾರವು ಗಕಾರವಾಗಿ ‘ಕೆರೆ’ ‘ಗೆರೆ’ಯಾಗಿದೆ, ಅಷ್ಟೆ. ತುಮಕೂರು, ಗುಬ್ಬಿ, ಕುಣಿಗಲ್ ಸೇರಿದ ಈ ಸೀಮೆ ಮೊದಲಿನಿಂದಲೂ ಕೆರೆಗಳ ನಾಡು. ಕುಣಿಗಲ್ಲಿನ ದೊಡ್ಡಕೆರೆ ಜನಪದ ಗೀತೆಯ ಮೂಲಕ ನಾಡಿಗೆಲ್ಲ ಪರಿಚಿತ. ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ತುಮಕೂರಿನ ಅಮಾನಿಕೆರೆ, ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ, ಇವೆಲ್ಲ ಒಂದೇ ಜಲಸಂಸಾರದ ಸದಸ್ಯರು. ಇಂತಹ ಊರೊಂದರ ಕೆರೆಯಂಚಿಗೆ ವೀಕ್ಷಣಾ ಗೋಪುರ ಬರಬೇಕೆಂದರೆ ಅದು ನಿಸರ್ಗದೊಡನೆ ಬೆರೆಯುವಂತೆ ವಿನ್ಯಾಸಗೊಳಿಸುವುದು ಹೇಗೆ? ಮರದ ಬಣ್ಣ ಬಳಿದರೆ ಸಾಕೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮೊದಲು ಕೆರೆಯನ್ನೂ ಆಮೇಲೆ ಹಕ್ಕಿಯ ಕಣ್ಣನ್ನೂ ಅರಿಯಬೇಕಾಗುತ್ತದೆ.

ಕೆರೆಯೂ ಜೌಗು ನೆಲವೇ

ಜೌಗು ಪ್ರದೇಶವೆಂದೊಡನೆ ಕಾಡಿನ ನಡುವಿನ ಕೆಸರು ನೆಲವೊಂದು ಮನಸ್ಸಿಗೆ ಬರುವುದು ಸಹಜ. ಆದರೆ 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯು ನೈಸರ್ಗಿಕವಾದವುಗಳ ಜೊತೆಗೆ ಮಾನವನಿರ್ಮಿತ ಜಲಪ್ರದೇಶಗಳನ್ನೂ ಈ ವ್ಯಾಖ್ಯೆಯೊಳಗೆ ತಂದಿತು. ಕರ್ನಾಟಕದಿಂದ ರಾಮ್ಸರ್ ಪಟ್ಟಿಗೆ 2022ರಲ್ಲಿ ರಂಗನತಿಟ್ಟು ಸೇರಿತು. 2024ರಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿದವು. ಈ ನಾಲ್ಕರಲ್ಲಿ ಅಘನಾಶಿನಿಯೊಂದನ್ನು ಬಿಟ್ಟರೆ ಉಳಿದ ಮೂರೂ ಮನುಷ್ಯ ಕಟ್ಟಿದ ಅಣೆ ಅಥವಾ ಏರಿಯ ಫಲ ಎಂಬುದು ಗಮನಾರ್ಹ. ಅಂಕಸಮುದ್ರ ಮತ್ತು ಮಾಗಡಿ ಎರಡೂ ಹೊಲಕ್ಕೆ ನೀರುಣಿಸಲೆಂದು ಕಟ್ಟಿದ ಹಳ್ಳಿಯ ಕೆರೆಗಳೇ.

ಕೆರೆಯ ರಚನೆ ಎಲ್ಲರಿಗೂ ಗೊತ್ತಿರುವಂಥದ್ದೇ. ಏರಿಯ ಬುಡದಲ್ಲಿ ನೀರು ಆಳ. ಎದುರಿನ ಅಂಚಿಗೆ, ಅಂದರೆ ಹಳ್ಳಗಳು ಬಂದು ಸೇರುವ ಕಡೆಗೆ ಹೋದಂತೆ ನೀರು ತೆಳುವಾಗುತ್ತ ಕೊನೆಗೆ ಕೆಸರು, ಹುಲ್ಲು, ಆಪು, ಜೊಂಡು. ಹಕ್ಕಿಗಳು ಈ ಆಳಕ್ಕನುಗುಣವಾಗಿ ತಂತಮ್ಮ ಜಾಗ ಹಂಚಿಕೊಂಡಿರುತ್ತವೆ. ನೀರುಕಾಗೆ, ಗುಳುಮುಳುಕ, ಹೆಜ್ಜಾರ್ಲೆಗಳಿಗೆ ತೆರೆದ ನೀರು ಬೇಕು. ಬಕ, ಬೆಳ್ಳಕ್ಕಿ, ಬಣ್ಣದ ಕೊಕ್ಕರೆಗಳಿಗೆ ಕಾಲು ಮುಳುಗುವಷ್ಟು ನೀರು ಸಾಕು. ಚಳಿಗಾಲದಲ್ಲಿ ವಲಸೆ ಬರುವ ಗೊರವ, ಉಲ್ಲಂಕಿಗಳು ಒದ್ದೆ ಕೆಸರಿನಲ್ಲಿ ಕೊಕ್ಕು ಚುಚ್ಚಿ ಹುಳು ಹುಡುಕುತ್ತವೆ. ಜಂಬುಕೋಳಿ, ದೇವನಕ್ಕಿಗಳು ಜೊಂಡು ಮತ್ತು ತಾವರೆ ಎಲೆಗಳ ನೆರಳನ್ನು ಬಿಟ್ಟು ದೂರ ಹೋಗುವುದಿಲ್ಲ.

ಇಲ್ಲಿಯೇ ವಿನ್ಯಾಸಕಾರನಿಗೆ ಮೊದಲ ತೊಡಕು ಎದುರಾಗುತ್ತದೆ. ಮಳೆ ಬಂದಾಗ, ಹೇಮಾವತಿ ನಾಲೆಯ ನೀರು ಹರಿದಾಗ ಈ ಸೀಮೆಯ ಕೆರೆಗಳು ತುಂಬುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ನೀರಿನಂಚು ಹಿಂದೆ ಸರಿದಂತೆಲ್ಲ ಹಕ್ಕಿಗಳ ಮೇವಿನ ಪಟ್ಟಿಯೂ ಸರಿಯುತ್ತದೆ. ಗೋಪುರ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ನವೆಂಬರಿನಲ್ಲಿ ನೀರಿನ ಪಕ್ಕದಲ್ಲಿದ್ದ ಗೋಪುರ ಏಪ್ರಿಲ್ ಹೊತ್ತಿಗೆ ಬಿರುಕುಬಿಟ್ಟ ಅಂಗಳವನ್ನು ನೋಡುತ್ತ ನಿಂತಿರಬಹುದು. ಆದ್ದರಿಂದ ಗೋಪುರದ ಜಾಗವನ್ನು ಒಂದು ದಿನದ ಸ್ಥಳ ಪರಿಶೀಲನೆಯಲ್ಲಿ ನಿಗದಿ ಮಾಡುವುದು ಸರಿಯಲ್ಲ. ಕನಿಷ್ಠ ಒಂದು ಪೂರ್ಣ ವರ್ಷದ ನೀರಿನ ಏರಿಳಿತ ಕಂಡವರನ್ನು, ಅಂದರೆ ನೀರುಗಂಟಿ, ಮೀನುಗಾರ, ದನಗಾಹಿಗಳನ್ನು ಕೇಳಿ ನಿಗದಿ ಮಾಡಬೇಕು.

ಎತ್ತರದ ಲೆಕ್ಕ

ಗೋಪುರ ಎತ್ತರವಾದಷ್ಟೂ ನೋಟ ಚೆನ್ನ ಎಂಬುದು ಸಾಮಾನ್ಯ ನಂಬಿಕೆ. ಸ್ವಲ್ಪ ಗಣಿತ ಮಾಡಿದರೆ ಈ ನಂಬಿಕೆ ಎಲ್ಲಿಯವರೆಗೆ ನಿಜ ಎಂಬುದು ತಿಳಿಯುತ್ತದೆ.

ನೋಡುವವನಿಂದ 20 ಮೀಟರ್ ದೂರದಲ್ಲಿ 2 ಮೀಟರ್ ಎತ್ತರದ ಆಪಿನ ಪೊದೆ ಇದೆಯೆಂದು ಇಟ್ಟುಕೊಳ್ಳೋಣ. ಕಣ್ಣು ನೆಲದಿಂದ 4 ಮೀಟರ್ ಎತ್ತರದಲ್ಲಿದ್ದರೆ ಪೊದೆಯ ಹಿಂದೆ 20 ಮೀಟರ್ ಉದ್ದದ ಜಾಗ ಮರೆಯಾಗುತ್ತದೆ. ಕಣ್ಣಿನ ಎತ್ತರ 8 ಮೀಟರಿಗೆ ಏರಿದರೆ ಮರೆಯಾಗುವ ಜಾಗ ಸುಮಾರು 6.7 ಮೀಟರಿಗೆ ಇಳಿಯುತ್ತದೆ. ಇದು ದೊಡ್ಡ ಲಾಭ. ಇನ್ನೂ ಆರು ಮೀಟರ್ ಏರಿ 14 ಮೀಟರಿಗೆ ಹೋದರೆ ಮರೆಯ ಉದ್ದ ಸುಮಾರು 3.3 ಮೀಟರ್. ಅಂದರೆ ಮೊದಲ ನಾಲ್ಕು ಮೀಟರ್ ಏರಿಕೆ 13 ಮೀಟರಿಗೂ ಹೆಚ್ಚು ಜಾಗವನ್ನು ಬಿಚ್ಚಿ ತೋರಿಸಿತು. ಮುಂದಿನ ಆರು ಮೀಟರ್ ಏರಿಕೆ ತೋರಿಸಿದ್ದು ಮೂರೂವರೆ ಮೀಟರಿಗಿಂತ ಕಡಿಮೆ.

ಎತ್ತರ ಹೆಚ್ಚಿದಂತೆ ದಿಗಂತವೇನೋ ದೂರ ಸರಿಯುತ್ತದೆ. ಸಮತಟ್ಟಾದ ನೆಲದಲ್ಲಿ 10 ಮೀಟರ್ ಎತ್ತರದಿಂದ ದಿಗಂತ ಸುಮಾರು 11 ಕಿಲೋಮೀಟರ್ ದೂರ. ಆದರೆ ಕೈದುರ್ಬೀನಿನಲ್ಲಿ ಸಣ್ಣ ಗೊರವವೊಂದನ್ನು ಗುರುತಿಸಬಲ್ಲ ದೂರ ಕೆಲವು ನೂರು ಮೀಟರ್ ಮಾತ್ರ. ಹೀಗಾಗಿ ಹೆಚ್ಚಿನ ಕೆರೆಗಳಿಗೆ ಕಣ್ಣಿನ ಮಟ್ಟ ಏಳೆಂಟು ಮೀಟರ್ ಇದ್ದರೆ ಧಾರಾಳವಾಯಿತು. ಅದಕ್ಕೂ ಮೇಲಿನ ಎತ್ತರದಿಂದ ಖರ್ಚು, ಗಾಳಿಯ ಒತ್ತಡ ಮತ್ತು ಹಕ್ಕಿಯ ಭಯ ಹೆಚ್ಚುತ್ತವೆ, ನೋಟ ಹೆಚ್ಚುವುದಿಲ್ಲ.

ಏರಿಯೆಂಬ ಹಳೆಯ ಗೋಪುರ

ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ಈ ಎತ್ತರದ ಬಹುಪಾಲನ್ನು ಏರಿಯೇ ಒದಗಿಸಿಕೊಡುತ್ತದೆ. ನಾಲ್ಕೈದು ಮೀಟರ್ ಎತ್ತರದ ಏರಿಯ ಮೇಲೆ ನಿಂತವನ ಕಣ್ಣು ಆಗಲೇ ಆರು ಮೀಟರ್ ಮಟ್ಟ ಮುಟ್ಟಿರುತ್ತದೆ. ತಲೆಮಾರುಗಳಿಂದ ಜನ, ದನ, ಎತ್ತಿನಗಾಡಿ, ಈಗ ಬೈಕು, ಟ್ರ್ಯಾಕ್ಟರು ಅದರ ಮೇಲೆ ಓಡಾಡುತ್ತಿರುವುದರಿಂದ ಹಕ್ಕಿಗಳಿಗೂ ಆ ಗೆರೆ ರೂಢಿಯಾಗಿದೆ.

ಹಾಗೆಂದು ಏರಿಯನ್ನೇ ಅಗೆದು ಗೋಪುರದ ಕಂಬ ನೆಡುವುದು ಅಪಾಯಕಾರಿ. ಏರಿ ಎಂಬುದು ದಮ್ಮಸು ಮಾಡಿದ ಮಣ್ಣಿನ ಗೋಡೆ. ಅದರಲ್ಲಿ ತೆಗೆದ ಗುಂಡಿಯ ಅಂಚಿನಲ್ಲಿ ನೀರು ಜಿನುಗಲು ದಾರಿ ಸಿಕ್ಕಿದರೆ, ಜಿನುಗುವ ನೀರು ಮಣ್ಣಿನ ಕಣಗಳನ್ನು ಹೊತ್ತೊಯ್ಯುತ್ತ ಒಳಗೊಳಗೇ ಕೊಳವೆಯಂಥ ರಂಧ್ರ ಕೊರೆಯುತ್ತದೆ. ಏರಿ ಒಡೆಯುವ ಕಾರಣಗಳಲ್ಲಿ ಇದೂ ಒಂದು. ಕೋಡಿಯ ಬಳಿ ಕಟ್ಟಿದರೆ ನೀರಿನ ದಾರಿಗೆ ಅಡ್ಡಿ. ತೂಬಿನ ಬಳಿ ಕಟ್ಟಿದರೆ ದುರಸ್ತಿಗೆ ಅಡ್ಡಿ. ಏರಿ ಮುಗಿದು ಗಟ್ಟಿ ನೆಲ ಆರಂಭವಾಗುವ ದಿಣ್ಣೆ ಅಥವಾ ಬಂಡೆಯ ಜಾಗವೇ ಕೆರೆಸೀಮೆಯ ವೀಕ್ಷಣಾ ತಾಣಕ್ಕೆ ಸಾಮಾನ್ಯವಾಗಿ ಯೋಗ್ಯ. ಅಲ್ಲಿ ನೆಲದ ಎತ್ತರವೂ ಸಿಗುತ್ತದೆ, ತಳಪಾಯಕ್ಕೆ ಗಟ್ಟಿ ಆಸರೆಯೂ ಸಿಗುತ್ತದೆ.

ದಿಕ್ಕಿನ ಬಗ್ಗೆಯೂ ಒಂದು ಮಾತು. ಕುಣಿಗಲ್ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವಲಸೆ ಹಕ್ಕಿಗಳಿರುವ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನಲ್ಲೂ ಅವನ ಎತ್ತರ ಸುಮಾರು 54 ಡಿಗ್ರಿ ಮಾತ್ರ. ಆದ್ದರಿಂದ ಕೆರೆಯ ದಕ್ಷಿಣ ದಂಡೆಯಲ್ಲಿ ನಿಂತು ಉತ್ತರಕ್ಕೆ ನೋಡುವವನಿಗೆ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ. ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ, ನೀರಿನ ಝಳ ಕಣ್ಣಿಗೆ ಹೊಡೆಯುವುದಿಲ್ಲ. ಉತ್ತರ ದಂಡೆಯಲ್ಲಿ ನಿಂತರೆ ಅದೇ ಹಕ್ಕಿ ಬರಿಯ ಕಪ್ಪು ನೆರಳು. ದಕ್ಷಿಣ ದಂಡೆ ಸಿಗದಿದ್ದರೆ, ಬೆಳಗಿನ ನೋಟಕ್ಕೆ ಪೂರ್ವ ದಂಡೆ ವಾಸಿ.

ಹಕ್ಕಿಗೆ ಕಾಣುವುದೇನು

‘ಬೆರೆಯುವ’ ವಿನ್ಯಾಸವೆಂದರೆ ಸಿಮೆಂಟಿನಲ್ಲಿ ಮರದ ತೊಗಟೆಯ ಗೆರೆ ಕೆತ್ತಿ ಕಂದು ಬಣ್ಣ ಬಳಿಯುವುದು ಎಂಬ ತಿಳಿವಳಿಕೆ ನಮ್ಮ ಉದ್ಯಾನಗಳಲ್ಲಿ ಬೇರೂರಿದೆ. ಅದು ಮನುಷ್ಯನ ಕಣ್ಣಿಗೆ ಮಾಡಿದ ಅಲಂಕಾರ. ಹಕ್ಕಿಯ ಕಣ್ಣಿನ ವಿಚಾರ ಬೇರೆ. ಬಣ್ಣ ಗ್ರಹಿಸಲು ಮನುಷ್ಯನ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿದ್ದರೆ, ಹಕ್ಕಿಗಳಲ್ಲಿ ನಾಲ್ಕು ಬಗೆಯವು ಇವೆ. ಅನೇಕ ಹಕ್ಕಿಗಳು ನಮಗೆ ಕಾಣದ ಅತಿನೇರಳೆ ಬೆಳಕನ್ನೂ ಕಾಣಬಲ್ಲವು. ಆದ್ದರಿಂದ ನಮಗೆ ಮರದಂತೆ ತೋರುವ ಬಣ್ಣ ಹಕ್ಕಿಗೂ ಹಾಗೆಯೇ ತೋರಬೇಕೆಂದಿಲ್ಲ.

ಬಣ್ಣಕ್ಕಿಂತಲೂ ಹಕ್ಕಿಯನ್ನು ಬೆದರಿಸುವುದು ಚಲನೆ ಮತ್ತು ಆಕೃತಿ. ಬಯಲಿನ ನಡುವೆ, ಆಕಾಶದ ಹಿನ್ನೆಲೆಯಲ್ಲಿ ಮನುಷ್ಯನ ತಲೆ ಮತ್ತು ಕೈ ಆಡುವುದು ಬಲು ದೂರಕ್ಕೂ ಕಾಣುತ್ತದೆ. ಆದಕಾರಣ ವಿನ್ಯಾಸದ ಮೊದಲ ನಿಯಮ, ಗೋಪುರದ ಹಿಂದೆ ಮರಗಳ ಸಾಲಿರಬೇಕು ಮತ್ತು ಗೋಪುರದ ನೆತ್ತಿ ಆ ಮರಗಳ ನೆತ್ತಿಗಿಂತ ಕೆಳಗಿರಬೇಕು. ಹೊಂಗೆ, ಹುಣಸೆ, ಆಲ, ನೇರಳೆಯ ಹಳೆಯ ತೋಪು ಇದ್ದರೆ ಅದರ ನೆರಳಂಚಿಗೆ ಗೋಪುರ ಸೇರಿಕೊಳ್ಳಬೇಕು. ಮರವನ್ನೇ ಕಂಬ ಮಾಡಿಕೊಂಡು ಮೊಳೆ ಹೊಡೆಯುವುದು ಸಲ್ಲದು.

ಎರಡನೆಯ ನಿಯಮ ಒಳಗಿನ ಕತ್ತಲೆ. ನಾಲ್ಕೂ ಕಡೆ ತೆರೆದ ಮಂಟಪದಲ್ಲಿ ನಿಂತವರ ಆಕೃತಿ ಆರಪಾರ ಕಾಣುತ್ತದೆ. ಹಿಂಬದಿ ಮತ್ತು ಪಕ್ಕಗಳನ್ನು ಮುಚ್ಚಿ, ನೀರಿನ ಕಡೆಗೆ ಮಾತ್ರ ಅಡ್ಡ ಕಿಂಡಿಗಳನ್ನು ಬಿಟ್ಟರೆ ಒಳಗಿನವರು ಕತ್ತಲಲ್ಲಿ ಕರಗುತ್ತಾರೆ. ಕಿಂಡಿ ಒಂದೇ ಎತ್ತರದಲ್ಲಿದ್ದರೆ ಸಾಲದು. ನಿಂತವರಿಗೆ, ಕುಳಿತವರಿಗೆ, ಮಕ್ಕಳಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಬೇರೆ ಬೇರೆ ಮಟ್ಟದ ಕಿಂಡಿಗಳು ಬೇಕು. ಮಾಡು ಮುಂದಕ್ಕೆ ಚಾಚಿ ಕಿಂಡಿಗೆ ನೆರಳು ನೀಡಬೇಕು. ಗಾಜು ಬೇಡ. ಗಾಜಿನಲ್ಲಿ ಆಕಾಶ ಪ್ರತಿಫಲಿಸಿದಾಗ ಅದನ್ನು ಬಯಲೆಂದು ತಿಳಿದು ಹಕ್ಕಿಗಳು ಹಾರಿಬಂದು ಅಪ್ಪಳಿಸುತ್ತವೆ. ಹೊಳೆಯುವ ತಗಡು, ಬಿಳಿಯ ಬಣ್ಣ, ರಾತ್ರಿಯ ದೀಪ ಇವೂ ಸಲ್ಲವು.

ದಾರಿಯೇ ಅರ್ಧ ವಿನ್ಯಾಸ

ಗೋಪುರದ ನಕ್ಷೆ ಬರೆಯುವವರು ಹೆಚ್ಚಾಗಿ ಮರೆಯುವ ಭಾಗ ಅಲ್ಲಿಗೆ ಹೋಗುವ ದಾರಿ. ಬಯಲಿನಲ್ಲಿ ನೂರು ಹೆಜ್ಜೆ ನಡೆದು ಬರುವ ಹತ್ತು ಜನರ ಗುಂಪನ್ನು ಕಂಡು ಹಕ್ಕಿಗಳು ಮೊದಲೇ ಎದ್ದುಹೋಗಿದ್ದರೆ, ಮೇಲೇರಿದವರಿಗೆ ಉಳಿಯುವುದು ಖಾಲಿ ನೀರು. ಮನುಷ್ಯ ಎಷ್ಟು ಹತ್ತಿರ ಬಂದಾಗ ಹಕ್ಕಿ ಹಾರುತ್ತದೆ ಎಂಬ ಅಂತರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಸಾಮಾನ್ಯವಾಗಿ ದೊಡ್ಡ ಹಕ್ಕಿಗಳು ಬೇಗ ಎಚ್ಚರಗೊಳ್ಳುತ್ತವೆ. ಬೇಟೆಯ ಕಾಟವಿರುವ ಕೆರೆಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಹೀಗೆ ಪದೇ ಪದೇ ಎದ್ದು ಹಾರುವ ಹಕ್ಕಿ ಮೇಯುವ ಹೊತ್ತನ್ನು ಕಳೆದುಕೊಳ್ಳುತ್ತದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೂ ಖರ್ಚು ಮಾಡುತ್ತದೆ. ಮಾರ್ಚ್ ತಿಂಗಳಲ್ಲಿ ಸಾವಿರಾರು ಕಿಲೋಮೀಟರ್ ಹಿಂದಿರುಗಿ ಹಾರಬೇಕಾದ ವಲಸೆ ಹಕ್ಕಿಗೆ ಇದು ಸಣ್ಣ ನಷ್ಟವಲ್ಲ.

ಪರಿಹಾರ ಸರಳವಾಗಿದೆ. ದಾರಿ ನೀರಿನ ಕಡೆಯಿಂದ ಬಾರದೆ ಹಿಂದಿನ ತೋಪಿನ ಕಡೆಯಿಂದ ಬರಬೇಕು. ಬಯಲು ಅನಿವಾರ್ಯವಾದಲ್ಲಿ ಆಳೆತ್ತರದ ಬಿದಿರು ತಟ್ಟಿ ಅಥವಾ ತೆಂಗಿನ ಸೋಗೆಯ ಮರೆ ಕಟ್ಟಬಹುದು. ಜೊತೆಯಲ್ಲೇ ನೆಟ್ಟ ಸ್ಥಳೀಯ ಪೊದೆಗಳು ಬೆಳೆದ ಮೇಲೆ ಆ ಮರೆಯನ್ನು ತೆಗೆಯಬಹುದು. ನೇರ ದಾರಿಗಿಂತ ತಿರುವು ಮುರುವಿನ ದಾರಿ ಮೇಲು. ಸದ್ದು ಮಾಡುವ ಕಬ್ಬಿಣದ ಮೆಟ್ಟಿಲಿಗಿಂತ ಮರ ಅಥವಾ ಕಲ್ಲಿನ ಮೆಟ್ಟಿಲು ಮೇಲು. ವಾಹನಗಳು ಸಾಕಷ್ಟು ಹಿಂದೆಯೇ ನಿಲ್ಲಬೇಕು.

ರಾಜ್ಯದೊಳಗಿನ ಪಾಠಗಳು

ಕರ್ನಾಟಕದ ಪಕ್ಷಿಧಾಮಗಳು ಈ ವಿಷಯದಲ್ಲಿ ಕಲಿಸುವುದು ಬಹಳಷ್ಟಿದೆ. ಶಿವಮೊಗ್ಗ ಮತ್ತು ತೀರ್ಥಹಳ್ಳಿ ನಡುವಿನ ಹೆದ್ದಾರಿಯಂಚಿನಲ್ಲಿರುವ ಮಂಡಗದ್ದೆಯಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ವೀಕ್ಷಣಾ ಗೋಪುರ ಇರುವುದು ದಂಡೆಯ ಮೇಲೆ. ನಡುವೆ ಹರಿಯುವ ನದಿಯೇ ಬೇಲಿಯಾದ್ದರಿಂದ ನೋಡುವವರು ಗೂಡಿನ ಬಳಿಗೆ ಹೋಗುವ ಪ್ರಶ್ನೆಯೇ ಇಲ್ಲ.

ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ ರಂಗನತಿಟ್ಟಿನಲ್ಲಿ ಜನರು ಹುಟ್ಟು ಹಾಕುವ ದೋಣಿಗಳಲ್ಲಿ ಕುಳಿತು ಗೂಡುಗಳ ಸಮೀಪ ಹೋಗುತ್ತಾರೆ. ಹಕ್ಕಿಗಳು ಹೆಚ್ಚು ಬೆದರುವುದಿಲ್ಲ. ದೋಣಿ ದಿನವೂ ಅದೇ ದಾರಿಯಲ್ಲಿ, ಅದೇ ನಿಧಾನದಲ್ಲಿ ಬರುತ್ತದೆ. ಜನ ಕುಳಿತೇ ಇರುತ್ತಾರೆ. ರೂಢಿಯಾದ ಚಲನೆಗೆ ಹಕ್ಕಿ ಒಗ್ಗಿಕೊಳ್ಳುತ್ತದೆ, ಅನಿರೀಕ್ಷಿತ ಚಲನೆಗೆ ಒಗ್ಗುವುದಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಮತ್ತು ತುಮಕೂರು ಜಿಲ್ಲೆಯದೇ ಆದ ಶಿರಾ ತಾಲ್ಲೂಕಿನ ಕಗ್ಗಲಡು ಇನ್ನೂ ಮುಂದಿನ ಪಾಠ ಹೇಳುತ್ತವೆ. ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು, ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಬೂದು ಬಕಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವನ್ನು ಕಾಣುವುದು ಕೊಕ್ಕರೆ ಬೆಳ್ಳೂರಿನವರ ವಾಡಿಕೆ. ಅಲ್ಲಿ ಮನೆಯ ಜಗಲಿಯೇ ವೀಕ್ಷಣಾ ತಾಣ. ಇಂಥ ಊರಿಗೆ ಬೇಕಾದದ್ದು ಗೋಪುರಕ್ಕಿಂತ ಹೆಚ್ಚಾಗಿ ಹುಣಸೆ ಮರಗಳ ರಕ್ಷಣೆ.

ಗದಗ ಜಿಲ್ಲೆಯ ಮಾಗಡಿ ಕೆರೆಯ ಸ್ಥಿತಿ ಇದಕ್ಕೆ ವಿರುದ್ಧ. ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲಿನಲ್ಲಿ ಕೆರೆಯಲ್ಲಿ ವಿಶ್ರಮಿಸಿ, ಹೊಲಗಳಿಗೆ ಮೇಯಲು ಹೋಗುತ್ತವೆ. ತೆರೆದ ದಂಡೆಯಲ್ಲಿ ಗುಂಪಾಗಿ ಕೂರುವ ಈ ಹಕ್ಕಿಗಳಿಗೆ ಸುತ್ತಲಿನ ಬಯಲು ಕಾಣುವುದೇ ರಕ್ಷಣೆ. ಅಂಥ ಕಡೆ ದಂಡೆಯಲ್ಲೇ ಎತ್ತರದ ರಚನೆ ನಿಲ್ಲಿಸುವುದೆಂದರೆ ಅವುಗಳ ವಿಶ್ರಾಂತಿಯ ಜಾಗವನ್ನೇ ಕಿರಿದಾಗಿಸಿದಂತೆ.

ಬೇರೆ ದೇಶಗಳಲ್ಲಿ

ನೆದರ್ಲೆಂಡ್ಸಿನ ಸ್ಟೆಲೆಂಡಾಮ್ ಸಮೀಪದ ಸ್ಕೀಲ್‌ಹೂಕ್ ಜೌಗು ಪ್ರದೇಶದಲ್ಲಿ 2019ರಲ್ಲಿ ತೆರೆದ ‘ಟೈ’ ಎಂಬ ಪಕ್ಷಿ ವೀಕ್ಷಣಾಲಯ ಈ ವಿನ್ಯಾಸಕ್ಕೆ ಒಳ್ಳೆಯ ನಿದರ್ಶನ. ಆರ್‌ಒ ಅಂಡ್ ಎಡಿ ವಾಸ್ತುಶಿಲ್ಪ ಸಂಸ್ಥೆಯ ಈ ರಚನೆ ರೀವ ಹಕ್ಕಿಯ ಮೊಟ್ಟೆಯ ಆಕಾರದಲ್ಲಿದೆ. ಮರದ ಹಂದರಕ್ಕೆ ಆ ಪ್ರದೇಶದಲ್ಲೇ ಬೆಳೆದ ಜೊಂಡನ್ನು ಹೊದಿಸಲಾಗಿದೆ. ಅಲ್ಲಿಗೆ ತಲುಪುವ ದಾರಿಯ ಕೊನೆಯ ಭಾಗ ಮರಳಿನಿಂದ ಮುಚ್ಚಿದ ಸುರಂಗ. ಆದ್ದರಿಂದ ನಡೆದು ಬರುವವರು ಹಕ್ಕಿಗಳಿಗೆ ಕಾಣುವುದೇ ಇಲ್ಲ. ಅಗತ್ಯವಾದರೆ ಇಡೀ ರಚನೆಯನ್ನು ಬಿಚ್ಚಿ ತೆಗೆಯಬಹುದು.

ಹಾಂಗ್‌ಕಾಂಗಿನ ಮಾಯ್ ಪೋ ಜೌಗು ಪ್ರದೇಶದಲ್ಲಿ ಕಾಂಡ್ಲಾ ಗಿಡಗಳ ನಡುವೆ ತೇಲುವ ಕಾಲುದಾರಿಯಿದೆ. ಅದು ವೀಕ್ಷಣಾ ಗುಡಿಸಲುಗಳಿಗೆ ಒಯ್ಯುತ್ತದೆ. ಸಮುದ್ರದ ಉಬ್ಬರವಿಳಿತದೊಡನೆ ದಾರಿಯೂ ಏರಿಳಿಯುತ್ತದೆ. ಆಸ್ಟ್ರಿಯಾದ ಗೋಸ್‌ಡಾರ್ಫ್‌ನಲ್ಲಿ ಮೂರ್ ನದಿಯ ದಂಡೆಯ ಕಾಡಿನೊಳಗೆ ನಿಂತಿರುವ ಸುಮಾರು 27 ಮೀಟರ್ ಎತ್ತರದ ಉಕ್ಕಿನ ಗೋಪುರದಲ್ಲಿ ಹತ್ತುವವರಿಗೂ ಇಳಿಯುವವರಿಗೂ ಬೇರೆ ಬೇರೆ ಸುರುಳಿ ಮೆಟ್ಟಿಲುಗಳಿವೆ. ಆ ಎತ್ತರ ಸುತ್ತಲೂ ದಟ್ಟ ಮರಗಳಿರುವ ಕಡೆಗೆ ಸರಿ. ಬಯಲಿನ ಕೆರೆಗೆ ತಂದರೆ ಅದು ಮೊಬೈಲ್ ಗೋಪುರದಂತೆ ಕಂಡೀತು. ಮಾದರಿಯನ್ನು ನಕಲು ಮಾಡುವ ಬದಲು ಅದರ ಹಿಂದಿನ ತರ್ಕವನ್ನು ತರುವುದು ಜಾಣತನ. ಟೈ ಗೋಪುರ ಅಲ್ಲಿನ ಜೊಂಡಿನಿಂದ ಆದಂತೆ, ಇಲ್ಲಿನದು ಇಲ್ಲಿನ ಸಾಮಗ್ರಿಯಿಂದ ಆಗಬೇಕು.

ಸಾಮಗ್ರಿ ಮತ್ತು ತಳಪಾಯ

ತುಮಕೂರು ಸೀಮೆಗೆ ಸಾಮಗ್ರಿಯ ಕೊರತೆಯಿಲ್ಲ. ಕಲ್ಲುಕಂಬ, ಕಲ್ಲುಚಪ್ಪಡಿಗಳು ಇಲ್ಲಿನ ಹಳೆಯ ಮನೆಗಳ ಸಾಮಾನ್ಯ ಅಂಗ. ಫಲ ನಿಂತ ಹಳೆಯ ತೆಂಗಿನ ಮರದ ಹೊರಭಾಗ ಗಟ್ಟಿಯಾದ ನಾಟಾ ಆಗುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸಿದ ಬಿದಿರಿಗೆ ಹುಳು ಬೀಳುವುದು ಕಡಿಮೆ. ಆದರೆ ಮಳೆಗೆ ನೇರವಾಗಿ ಒಡ್ಡಿದರೆ ಆ ಸಂಸ್ಕಾರ ತೊಳೆದುಹೋಗುತ್ತದೆ. ಆದ್ದರಿಂದ ಬಿದಿರು ಮಾಡಿನಡಿಯ ಮರೆಗೋಡೆಗೆ ಸೂಕ್ತ, ಭಾರ ಹೊರುವ ಕಂಬಕ್ಕೆ ಸೂಕ್ತವಲ್ಲ. ಭಾರವನ್ನು ಕಲ್ಲುಕಂಬ ಅಥವಾ ಸತುವಿನ ಲೇಪವಿರುವ ಉಕ್ಕಿನ ಹಂದರ ಹೊತ್ತು, ಹೊರಮೈಯನ್ನು ತೆಂಗಿನ ಹಲಗೆ, ಸೋಗೆ, ಬಿದಿರು ತಟ್ಟಿಗಳು ಮುಚ್ಚುವುದು ಕಾರ್ಯಸಾಧ್ಯ ಮಾರ್ಗ. ಬಣ್ಣ ಬಳಿಯದ ಮರ ಬಿಸಿಲು ಮಳೆಗೆ ಬೂದಿಯಾಗುತ್ತ ತಾನಾಗಿಯೇ ಸುತ್ತಲಿನ ನೆಲದ ಬಣ್ಣಕ್ಕೆ ತಿರುಗುತ್ತದೆ.

ತಳಪಾಯದ ವಿಚಾರದಲ್ಲಿ ಕೆರೆಯಂಗಳವನ್ನು ದೂರವಿಡುವುದೇ ಕ್ಷೇಮ. ಅಂಗಳದ ಗೋಡು ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಭಾರ ತಡೆಯುವ ಶಕ್ತಿ ಕಡಿಮೆ. ತಿರುಪಿನಂತೆ ನೆಲಕ್ಕೆ ತಿರುಗಿಸಿ ಇಳಿಸುವ ಉಕ್ಕಿನ ಕಂಬಗಳನ್ನು ಬಳಸಿದರೆ ದೊಡ್ಡ ಗುಂಡಿ ತೋಡುವ, ಕಾಂಕ್ರೀಟ್ ಸುರಿಯುವ ಅಗತ್ಯ ಬೀಳದು. ಬೇಡವಾದಾಗ ಹಿಂದಕ್ಕೆ ತಿರುಗಿಸಿ ತೆಗೆಯಲೂಬಹುದು. ಕೆಲಸದ ಕಾಲವೂ ಮುಖ್ಯ. ಗೂಡು ಕಟ್ಟುವ ಹಕ್ಕಿಗಳಿಲ್ಲದ ಕೆರೆಯಾದರೆ, ವಲಸೆ ಹಕ್ಕಿಗಳು ಹಿಂದಿರುಗಿದ ಏಪ್ರಿಲಿನಿಂದ ಮುಂಗಾರಿನವರೆಗಿನ ಅವಧಿ ತಕ್ಕುದು. ಗೂಡುಗಳಿದ್ದರೆ ಮರಿಗಳು ಹಾರಿಹೋಗುವವರೆಗೆ ಕಾಯಲೇಬೇಕು.

ಜನರ ಸುರಕ್ಷತೆ

ಹಕ್ಕಿಯ ನೆಮ್ಮದಿಯಷ್ಟೇ ಜನರ ಜೀವವೂ ಮುಖ್ಯ. ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ನಿಗದಿತ ಮಟ್ಟ ಮುಟ್ಟಿದೊಡನೆ ತಾನಾಗಿಯೇ ಹೊರಹರಿಯುವ ಸೈಫನ್ ವ್ಯವಸ್ಥೆಯಿದೆ. 2025ರ ಅಕ್ಟೋಬರಿನಲ್ಲಿ ಅಲ್ಲಿ ನೀರಿಗಿಳಿದಿದ್ದ ಒಂದೇ ಕುಟುಂಬದವರು ಹಠಾತ್ತನೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದ ದುರಂತ ಜಿಲ್ಲೆಯ ನೆನಪಿನಿಂದ ಮಾಸಿಲ್ಲ. ನೀರು ನೋಡುವ ಆಸೆಯಿಂದ ಬಂದವರನ್ನು ಕೋಡಿಯ ಹರಿವಿನಿಂದ ದೂರವಿಟ್ಟು, ಎತ್ತರದ ಗಟ್ಟಿ ಜಾಗದಲ್ಲಿ ನಿಲ್ಲಿಸುವುದು ಒಳ್ಳೆಯ ವೀಕ್ಷಣಾ ತಾಣದ ಕರ್ತವ್ಯವೂ ಹೌದು.

ಜನ ಗುಂಪುಗೂಡುವ ವೇದಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಪ್ರತಿ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕಿಲೋ ಭಾರವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹತ್ತು ಜನರಿಗೆಂದು ಕಟ್ಟಿದ ವೇದಿಕೆಯ ಮೇಲೆ ಜಾತ್ರೆಯ ದಿನ ನಲವತ್ತು ಜನ ಏರುವುದು ನಮ್ಮಲ್ಲಿ ಅಪರೂಪವಲ್ಲವಾದ್ದರಿಂದ ಈ ಲೆಕ್ಕದಲ್ಲಿ ಉಳಿತಾಯ ಮಾಡಬಾರದು. ಬಯಲಿನಲ್ಲಿ ಎದ್ದು ನಿಂತ ಯಾವುದೇ ರಚನೆ ಸಿಡಿಲಿಗೆ ಗುರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಮಯದಲ್ಲಿ ಗೋಪುರವನ್ನು ಮುಚ್ಚಬೇಕು. ಸಿಡಿಲು ವಾಹಕವನ್ನು ಅಳವಡಿಸಲೇಬೇಕು. ಗೋಪುರ ತಗ್ಗಾಗಿ, ಮರಗಳಿಗಿಂತ ಕೆಳಗೆ ಇರಬೇಕೆಂಬ ವಾದಕ್ಕೆ ಇದೂ ಒಂದು ಸಮರ್ಥನೆ.

ಕಾನೂನು ಏನನ್ನುತ್ತದೆ

ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, ತಮ್ಮ ವ್ಯಾಪ್ತಿಯ ಜೌಗು ಪ್ರದೇಶಗಳಲ್ಲಿ ಹತ್ತು ವರ್ಷಗಳ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆಯೊಂದನ್ನು ಹೊರತುಪಡಿಸಿ ಶಾಶ್ವತ ನಿರ್ಮಾಣವನ್ನು ನಿಷೇಧಿಸಿವೆ. ಆದರೆ ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ಇದೇ ನಿಯಮಗಳ ವ್ಯಾಖ್ಯೆ ಹೊರಗಿಟ್ಟಿದೆ. ಪರಿಣಾಮವಾಗಿ ರಾಮ್ಸರ್ ಪಟ್ಟಿ ಸೇರಿದ ಕೆರೆಗೆ ಸಿಗುವ ರಕ್ಷಣೆ ಅಂಥದೇ ಹಕ್ಕಿಗಳಿರುವ ಪಕ್ಕದೂರಿನ ಕೆರೆಗೆ ಸಿಗದೆ ಹೋಗಬಹುದು. ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೆರೆ ಜಾಗದ ಒತ್ತುವರಿ ಹಾಗೂ ಅನಧಿಕೃತ ನಿರ್ಮಾಣವನ್ನು ತಡೆಯುತ್ತದೆ. ಅಭಿವೃದ್ಧಿಯ ಹೆಸರಿನಲ್ಲಿ ಅಧಿಕೃತವಾಗಿಯೇ ಬರುವ ನಿರ್ಮಾಣದ ಗುಣವನ್ನು ನಿರ್ಧರಿಸುವುದು ಮಾತ್ರ ಸ್ಥಳೀಯರ ವಿವೇಕ. ರಾಜ್ಯದ ಸುಮಾರು 36 ಸಾವಿರ ಕೆರೆಗಳಲ್ಲಿ ಬಹುಪಾಲು ಈ ವಿವೇಕದ ಮೇಲೆಯೇ ಅವಲಂಬಿಸಿವೆ. 50 ಮೀಟರಿನ ನಿಯಮ ಕಾನೂನಿನ ಪ್ರಕಾರ ಅನ್ವಯಿಸದ ಕೆರೆಯಲ್ಲೂ ಅದನ್ನು ಸ್ವಯಂ ಪಾಲಿಸಲು ಯಾವ ಅಡ್ಡಿಯೂ ಇಲ್ಲ.

ಟೆಂಡರಿಗೆ ಮುನ್ನ

ಗ್ರಾಮಸಭೆಯಲ್ಲಿ ವೀಕ್ಷಣಾ ಗೋಪುರದ ಪ್ರಸ್ತಾಪ ಬಂದಾಗ ಸದಸ್ಯರು ಈ ಕೆಲವು ಪ್ರಶ್ನೆಗಳನ್ನು ಕೇಳಿದರೆ ಬಹಳಷ್ಟು ಹಣ ಮತ್ತು ಹಕ್ಕಿಗಳು ಉಳಿದಾವು:

* ವರ್ಷದ ಯಾವ ತಿಂಗಳಲ್ಲಿ ನೀರಿನಂಚು ಎಲ್ಲಿರುತ್ತದೆ, ಹಕ್ಕಿಗಳು ಎಲ್ಲಿ ಮೇಯುತ್ತವೆ ಎಂಬ ನಕ್ಷೆ ಸಿದ್ಧವಿದೆಯೇ?
* ಏರಿ ಅಥವಾ ದಿಣ್ಣೆಯ ಮೇಲೆ ಬರಿಯ ತಟ್ಟಿಯ ಮರೆಯೊಂದನ್ನು ಕಟ್ಟಿದರೆ ಸಾಲದೇ? ಗೋಪುರ ನಿಜಕ್ಕೂ ಬೇಕೇ?
* ಗೋಪುರದ ಹಿಂದೆ ಅದಕ್ಕಿಂತ ಎತ್ತರದ ಮರಗಳಿವೆಯೇ?
* ಅಲ್ಲಿಗೆ ನಡೆದು ಬರುವವರು ಹಕ್ಕಿಗಳಿಗೆ ಕಾಣದಂತೆ ದಾರಿಯಿದೆಯೇ?
* ಏರಿ, ತೂಬು, ಕೋಡಿ, ಕಾಲುವೆಗಳಿಗೆ ಧಕ್ಕೆಯಿಲ್ಲವೆಂದು ಸಂಬಂಧಪಟ್ಟ ಎಂಜಿನಿಯರ್ ಲಿಖಿತವಾಗಿ ತಿಳಿಸಿದ್ದಾರೆಯೇ?
* ಬೇಡವಾದಾಗ ನೆಲಕ್ಕೆ ಗಾಯವಾಗದಂತೆ ಬಿಚ್ಚಿ ತೆಗೆಯಬಹುದೇ?
* ಕೀಲಿ ಯಾರ ಕೈಯಲ್ಲಿರುತ್ತದೆ? ಐದು ವರ್ಷಗಳ ನಿರ್ವಹಣೆಗೆ ಹಣ ಎಲ್ಲಿಂದ ಬರುತ್ತದೆ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಕಾವಲಿಲ್ಲದ ಗೋಪುರ ಬೇಗನೆ ಬಾಟಲಿ ಮತ್ತು ಇಸ್ಪೀಟಿನ ತಾಣವಾಗುತ್ತದೆ. ಮೆಟ್ಟಿಲು ತುಕ್ಕು ಹಿಡಿದ ಮೇಲೆ ಅದು ಅಪಾಯದ ತಾಣವೂ ಹೌದು. ಊರಿನ ಶಾಲೆಯ ಮಕ್ಕಳು ವಾರಕ್ಕೊಮ್ಮೆ ಬಂದು ಹಕ್ಕಿ ಎಣಿಸಿ ಪುಸ್ತಕದಲ್ಲಿ ಬರೆದಿಡುವ, ಮೀನುಗಾರರ ಸಂಘಕ್ಕೋ ಕೆರೆ ಬಳಕೆದಾರರ ಸಂಘಕ್ಕೋ ಉಸ್ತುವಾರಿ ವಹಿಸುವ ವ್ಯವಸ್ಥೆಯಿದ್ದಲ್ಲಿ ಮಾತ್ರ ಅದು ಬಾಳಿಕೆ ಬರುತ್ತದೆ.

ನಿಸರ್ಗದೊಡನೆ ಬೆರೆಯುವ ಗೋಪುರವನ್ನು ಅಳೆಯುವ ಮಾನದಂಡ ಒಂದೇ. ಕಟ್ಟುವ ಮುಂಚಿನ ವರ್ಷ ಕೆರೆಯಲ್ಲಿದ್ದ ಹಕ್ಕಿಗಳು ಕಟ್ಟಿದ ಮರುವರ್ಷವೂ ಅದೇ ಸಂಖ್ಯೆಯಲ್ಲಿ, ಅದೇ ಜಾಗದಲ್ಲಿ ಮೇಯುತ್ತಿದ್ದರೆ ವಿನ್ಯಾಸ ಗೆದ್ದಂತೆ. ಈ ಲೆಕ್ಕ ಸಿಗಬೇಕಾದರೆ ಎಣಿಕೆ ಗೋಪುರಕ್ಕಿಂತ ಒಂದು ವರ್ಷ ಮೊದಲೇ ಆರಂಭವಾಗಬೇಕು. ಅದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ದುರ್ಬೀನು ಮತ್ತು ಏರಿಯ ಮೇಲೆ ಕೂರಲು ಒಂದು ಜಾಗ.